ಕಾಯಿರಿ ಎನ್ನುವ ಮುನ್ನ

“ದೇವರ ಸಮಯಕ್ಕಾಗಿ ತಾಳ್ಮೆಯಿಂದ ಕಾಯಿರಿ” ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಕೇಳದವರಾರು? ಪದವಿ ಮುಗಿಸಿ ನಾಲ್ಕು ವರ್ಷ ಕಳೆದರೂ ಕೆಲಸ ದೊರೆಯದ ಯುವಕನಿಗೆ, ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬದ ಹೆಣ್ಣುಮಗಳಿಗೆ, ಆಸ್ಪತ್ರೆಯ ವರದಿಗಾಗಿ ಎದೆ ಹಿಡಿದುಕೊಂಡು ಕುಳಿತ ಕುಟುಂಬಕ್ಕೆ, ತಿಂಗಳುಗಟ್ಟಲೆ ಸಂಬಳ ಕಾಣದ ನೌಕರನಿಗೆ, ಗಂಡನ ಹೊಡೆತ ಸಹಿಸಲಾರದೆ ಸಭಾಪಾಲಕರ ಮನೆಯ ಬಾಗಿಲು ತಟ್ಟಿದ ಹೆಂಡತಿಗೆ, ಎಲ್ಲರಿಗೂ ನಾವು ಕೊಡುವುದು ಇದೊಂದೇ ಔಷಧಿ. ರೋಗ ಯಾವುದೆಂದು ವಿಚಾರಿಸುವ ಗೊಡವೆಯೂ ಇಲ್ಲ. ಮಾತು ಸತ್ಯವೇದದ್ದೇ, ಅದರಲ್ಲಿ ಸಂದೇಹವಿಲ್ಲ. ಕೀರ್ತನೆಗಾರರು, ಪ್ರವಾದಿಗಳು, ಅಪೊಸ್ತಲರು ಎಲ್ಲರೂ ಕಾಯುವುದನ್ನು ಕಲಿಸಿದ್ದಾರೆ. ಆದರೆ ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ನಾವು ಕೇಳುವುದನ್ನೇ ಬಿಟ್ಟಿದ್ದೇವೆ. ಹೀಗೆ ಬಿಟ್ಟಿದ್ದರಿಂದ ನೋವಿನಲ್ಲಿರುವವರ ಬಾಯಿ ಮುಚ್ಚಿಸುವುದಕ್ಕೆ ದೇವರ ವಾಕ್ಯವೇ ಉಪಕರಣವಾಗುತ್ತಿದೆ ಎಂಬುದು ನನ್ನ ಆಕ್ಷೇಪಣೆ.

ಇದರ ಎದುರು ದಡದಲ್ಲಿ ಮತ್ತೊಂದು ಬೋಧನೆಯೂ ಇದೆ. ಅದು ಕಾಯಬೇಡಿರಿ ಎನ್ನುತ್ತದೆ. ಈ ತಿಂಗಳೇ, ಈ ವಾರವೇ, ಈ ಕೂಟ ಮುಗಿಯುವುದರೊಳಗೇ ನಿಮ್ಮ ಬಿಡುಗಡೆ ಎಂದು ದಿನಾಂಕ ನಿಗದಿಪಡಿಸುತ್ತದೆ. ಒಬ್ಬರು ದೇವರ ಹೆಸರಿನಲ್ಲಿ ಅವಸರ ಮಾರುತ್ತಾರೆ, ಇನ್ನೊಬ್ಬರು ದೇವರ ಹೆಸರಿನಲ್ಲಿ ವಿಳಂಬ ಮಾರುತ್ತಾರೆ. ಪ್ರಿಯ ವಾಚಕರೇ, ಮೊದಲು ಅವಸರದವರ ಅಂಗಡಿಗೆ ಹೋಗೋಣ. ಅಲ್ಲಿ ಜನಸಂದಣಿ ಹೆಚ್ಚು.

ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯವನ್ನು ದಯವಿಟ್ಟು ಒಮ್ಮೆ ಪೂರ್ತಿಯಾಗಿ ಓದಿರಿ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಅರಸನಾದ ಯೆಕೊನ್ಯನನ್ನೂ ಅರಮನೆಯವರನ್ನೂ ಕುಶಲಕರ್ಮಿಗಳನ್ನೂ ದೇವಾಲಯದ ಪಾತ್ರೆಗಳನ್ನೂ ಬಾಬೆಲಿಗೆ ಒಯ್ದಿದ್ದಾನೆ. ಯೆರೂಸಲೇಮಿನಲ್ಲಿ ಉಳಿದವರಿಗೆ ಒಂದೇ ಪ್ರಶ್ನೆ: ಇದು ಎಷ್ಟು ದಿನ? ಚಿದ್ಕೀಯನ ಆಳ್ವಿಕೆಯ ನಾಲ್ಕನೆಯ ವರ್ಷದಲ್ಲಿ ಗಿಬ್ಯೋನಿನ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಯಾಜಕರ ಮುಂದೆಯೂ ಸಮಸ್ತ ಜನರ ಮುಂದೆಯೂ ನಿಂತು ಅದಕ್ಕೆ ಉತ್ತರ ಕೊಟ್ಟನು. ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿದುಬೀಳುವುದು, ಪಾತ್ರೆಗಳೂ ಸೆರೆಯಾದವರೂ ಹಿಂದಿರುಗುವರು ಎಂದನು. ಯೆಹೋವನ ಹೆಸರಿನಲ್ಲಿಯೇ ಹೇಳಿದನು. ಜನರಿಗೆ ಎಷ್ಟು ಸಂತೋಷವಾಗಿದ್ದಿರಬೇಕು! ಯೆರೆಮೀಯನಾದರೂ ಏನೆಂದನು? “ಆಮೆನ್” ಎಂದನು. ಯೆಹೋವನು ಹಾಗೆಯೇ ಮಾಡಲಿ ಎಂದು ಹಾರೈಸಿದನು. ಈ ಆಮೆನ್ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಜನರ ಸಂಕಟ ಬೇಗ ಮುಗಿಯಬಾರದು ಎಂಬ ಹಟ ಅವನಿಗಿರಲಿಲ್ಲ. ಅವನೂ ಅದನ್ನೇ ಬಯಸಿದ್ದನು. ಆದರೆ ತಾನು ಬಯಸಿದ್ದನ್ನೇ ದೇವರು ನುಡಿದನೆಂದು ಹೇಳುವ ಧೈರ್ಯ ಅವನಿಗಿರಲಿಲ್ಲ, ಹನನ್ಯನಿಗಿತ್ತು. ಹನನ್ಯನು ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ಕಿತ್ತು ಎಲ್ಲರೆದುರಿಗೆ ಮುರಿದುಹಾಕಿದನು. ಯೆರೆಮೀಯನು ಮರುಮಾತಿಲ್ಲದೆ ತನ್ನ ದಾರಿ ಹಿಡಿದು ಹೋದನು. ಅನಂತರವೇ ಅವನಿಗೆ ಉತ್ತರ ದೊರೆತದ್ದು. ಮರದ ನೊಗದ ಬದಲಿಗೆ ಕಬ್ಬಿಣದ ನೊಗ ಬರುವುದೆಂದೂ ಹನನ್ಯನು ಜನರು ಸುಳ್ಳನ್ನು ನಂಬುವಂತೆ ಮಾಡಿದನೆಂದೂ ಅವನು ಹಿಂದಿರುಗಿ ಬಂದು ಹೇಳಬೇಕಾಯಿತು. ಅದೇ ವರ್ಷದ ಏಳನೆಯ ತಿಂಗಳಲ್ಲಿ ಹನನ್ಯನು ಸತ್ತನು.

ಮುಂದಿನ ಅಧ್ಯಾಯದಲ್ಲಿ ಯೆರೆಮೀಯನು ಸೆರೆಯವರಿಗೆ ಬರೆದ ಪತ್ರವಿದೆ. ಆ ಪತ್ರದ ಒಂದು ವಚನ ನಮಗೆಲ್ಲ ಗೊತ್ತು. ಗೋಡೆಯ ಕ್ಯಾಲೆಂಡರಿನಲ್ಲಿ, ಮದುವೆಯ ಆಮಂತ್ರಣದಲ್ಲಿ, ಆಟೋರಿಕ್ಷಾಗಳ ಹಿಂಬದಿಯಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳ ಜೇಬಿನ ಚೀಟಿಯಲ್ಲಿ ಅದು ಇರುತ್ತದೆ. ದೇವರು ನಮ್ಮ ವಿಷಯದಲ್ಲಿ ಆಲೋಚಿಸುವುದು ಕೇಡಿನದಲ್ಲ, ಹಿತವಾದದ್ದು, ನಿರೀಕ್ಷೆಯುಳ್ಳದ್ದು ಎಂಬರ್ಥದ 29:11. ಅದಕ್ಕೆ ಮುಂಚಿನ ಹತ್ತನೆಯ ವಚನವನ್ನು ಯಾರಾದರೂ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಅಲ್ಲಿರುವುದು 70 ವರ್ಷಗಳ ಲೆಕ್ಕ. ಪತ್ರ ತಲುಪಿದಾಗ ಮೂವತ್ತರ ಹರೆಯದಲ್ಲಿದ್ದವನು ತನ್ನ ಕಾಲ ಮೇಲೆ ನಡೆದು ಊರಿಗೆ ಮರಳುವ ಮಾತೇ ಇರಲಿಲ್ಲ. ಆ ಹಿತವಾದ ಆಲೋಚನೆ ಅವನ ಮೊಮ್ಮಕ್ಕಳಿಗಾಗಿತ್ತು. ಹತ್ತನ್ನು ಕತ್ತರಿಸಿ ಹನ್ನೊಂದನ್ನು ಮಾತ್ರ ಚೌಕಟ್ಟಿನಲ್ಲಿಟ್ಟರೆ ಹೆಸರು ಯೆರೆಮೀಯನದು, ಸಂದೇಶ ಹನನ್ಯನದು.

ಡಿಸೆಂಬರ್ 31ರ ರಾತ್ರಿಯ ಆರಾಧನೆಯನ್ನು ನೆನೆದುಕೊಳ್ಳಿರಿ. ತಟ್ಟೆಯಲ್ಲಿ ವಾಗ್ದಾನದ ಚೀಟಿಗಳು ಬರುತ್ತವೆ. ಕೈಹಾಕಿ ಒಂದನ್ನು ಎತ್ತಿಕೊಳ್ಳುತ್ತೇವೆ. ವಾಕ್ಯವನ್ನು ವರ್ಷವಿಡೀ ಧ್ಯಾನಿಸುವುದು ಒಳ್ಳೆಯದೇ. ಆದರೆ ಆ ತಟ್ಟೆಯಲ್ಲಿ ಕಬ್ಬಿಣದ ನೊಗದ ಚೀಟಿ ಯಾವತ್ತಾದರೂ ಇರುತ್ತದೆಯೇ? ಎಲ್ಲವೂ ವೃದ್ಧಿ, ಎಲ್ಲವೂ ವಿಸ್ತಾರ, ಎಲ್ಲವೂ ತಲೆಯಾಗುವೆ ಬಾಲವಾಗುವುದಿಲ್ಲ. ಬಳಿಕ ವೇದಿಕೆಯಿಂದ ಘೋಷಣೆ: ಇದು ನಿಮ್ಮ ವರ್ಷ. 2020ರ ಜನವರಿಯಲ್ಲಿಯೂ ಅದೇ ಘೋಷಣೆಯನ್ನು ಕೇಳಿದ್ದೆವು. ಮಾರ್ಚ್ ತಿಂಗಳ ಕೊನೆಗೆ ದೇವಾಲಯಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಹೀಗೆ ಹೇಳಿದವರಲ್ಲಿ ಯಾರಾದರೂ ಎದ್ದುನಿಂತು ತಾವು ಹೇಳಿದ್ದು ದೇವರ ಮಾತಾಗಿರಲಿಲ್ಲ ಎಂದು ಒಪ್ಪಿಕೊಂಡ ಉದಾಹರಣೆ ನನಗೆ ತಿಳಿದಿಲ್ಲ. ಲೆಕ್ಕ ತಪ್ಪಿದಾಗ ಬೆಲೆ ತೆರುವವನು ಬೋಧಕನಲ್ಲ. ನಂಬಿ ಕುಳಿತವನಿಗೆ “ನಿನ್ನ ವಿಶ್ವಾಸ ಸಾಲದು” ಎಂಬ ಇನ್ನೊಂದು ಪೆಟ್ಟು ಬೀಳುತ್ತದೆ. ಅವನಿಗೆ ಕೆಲಸವೂ ಇಲ್ಲ, ಈಗ ವಿಶ್ವಾಸವೂ ಇಲ್ಲ. ಗುಣವಾಯಿತೆಂಬ ಘೋಷಣೆಯನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ನಿಲ್ಲಿಸಿದವರ ಗತಿ ಇನ್ನೂ ಘೋರ.

ಹಾಗಾದರೆ ಯೆರೆಮೀಯನು ಕಾಯುವುದೆಂದರೆ ಏನೆಂದು ಬೋಧಿಸಿದನು? ಸೆರೆಯವರಿಗೆ ಅವನು ಸುಮ್ಮನೆ ಕುಳಿತಿರಿ ಎಂದು ಬರೆಯಲಿಲ್ಲ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲವನ್ನು ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಬರೆದನು. ಆ ಪಟ್ಟಣ ಯಾವುದು? ಅವರನ್ನು ಸೆರೆಯೊಯ್ದ ಶತ್ರುವಿನ ಪಟ್ಟಣವೇ. ಇಷ್ಟು ಮೈಮುರಿದು ಮಾಡುವ ಕೆಲಸಕ್ಕೆ ನಾವು ಕೈಕಟ್ಟಿ ಕೂರುವುದು ಎಂಬ ಅರ್ಥವನ್ನು ಹೇಗೆ ಅಂಟಿಸಿದೆವೋ ತಿಳಿಯದು.

32ನೆಯ ಅಧ್ಯಾಯದಲ್ಲಿರುವ ಸಂಗತಿ ಇದಕ್ಕಿಂತಲೂ ವಿಚಿತ್ರವಾದದ್ದು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಸುತ್ತುಗಟ್ಟಿದೆ. ಯೆರೆಮೀಯನು ಕಾರಾಗೃಹದ ಅಂಗಳದಲ್ಲಿ ಬಂದಿಯಾಗಿದ್ದಾನೆ. ಪಟ್ಟಣ ಬೀಳುವುದೆಂದು ಸಾರಿದ್ದೇ ಅವನ ಅಪರಾಧ. ಆಗ ಚಿಕ್ಕಪ್ಪನ ಮಗನಾದ ಹನಮೇಲನು ಬಂದು ಅನಾತೋತಿನಲ್ಲಿರುವ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುಸೈನ್ಯ ತುಳಿಯುತ್ತಿರುವ ಹೊಲಕ್ಕೆ ಬೆಲೆಯೆಲ್ಲಿಯದು? ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಕ್ರಯಪತ್ರಕ್ಕೆ ಸಹಿ, ಸಾಕ್ಷಿಗಳ ರುಜು, ಮುದ್ರೆ ಎಲ್ಲವೂ ಆಗುತ್ತದೆ. ಮುದ್ರೆ ಹಾಕಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡು ಎಂದು ಬಾರೂಕನಿಗೆ ಅಪ್ಪಣೆಯಾಗುತ್ತದೆ. ನಮ್ಮ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ವಿವರಗಳು ಪರಿಚಿತವೆನಿಸಬಹುದು! ಆ ಹೊಲದಲ್ಲಿ ಅವನು ಬಿತ್ತಿದ್ದಾಗಲಿ ಬೆಳೆದದ್ದಾಗಲಿ ಎಲ್ಲಿಯೂ ಬರೆದಿಲ್ಲ. ಮುಂದೆ ಜನರು ಅವನನ್ನು ತಮ್ಮೊಡನೆ ಐಗುಪ್ತಕ್ಕೆ ಕರೆದೊಯ್ದರು. ಆದರೂ ಹಣವನ್ನು ಅವನು ತನ್ನ ಕೈಯಿಂದ ಕೊಟ್ಟನು. ಇತರರಿಗೆ ಕಾಯಿರಿ ಎಂದು ಹೇಳುವ ಹಕ್ಕು ಅವನಿಗೆ ಹಾಗೆ ಬಂದದ್ದು.

ನಮ್ಮ ಕನ್ನಡದ ಮಾತನ್ನೇ ನೋಡಿರಿ. ಬರುವವನ ದಾರಿ ನೋಡುವುದೂ ‘ಕಾಯುವುದು’, ಹೊಲವನ್ನು ಹಂದಿಗಳಿಂದ ರಕ್ಷಿಸುವುದೂ ‘ಕಾಯುವುದು’. ಹೊಲ ಕಾಯುವವನು ನಿದ್ರಿಸುತ್ತಿದ್ದರೆ ಅವನು ಕಾಯುತ್ತಿದ್ದಾನೆಂದು ಯಾರೂ ಒಪ್ಪುವುದಿಲ್ಲ. 130ನೆಯ ಕೀರ್ತನೆಯಲ್ಲಿ ಭಕ್ತನು ತನ್ನನ್ನು ಬೆಳಗಿನ ನಿರೀಕ್ಷೆಯಲ್ಲಿರುವ ಕಾವಲುಗಾರರೊಂದಿಗೆ ಹೋಲಿಸಿಕೊಳ್ಳುವಾಗ ಈ ಎರಡೂ ಅರ್ಥಗಳು ಒಟ್ಟಿಗೆ ಬರುತ್ತವೆ. ಹೀಬ್ರೂ ಭಾಷೆಯಲ್ಲಿಯೂ ಇಂಥದೊಂದು ಸೊಗಸಿದೆ. ನಿರೀಕ್ಷೆಗೆ ಬಳಸುವ ‘ತಿಕ್ವಾ’ ಎಂಬ ಪದವನ್ನೇ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಬಳಸಲಾಗಿದೆ (ಯೆಹೋ. 2:18). ಆ ದಾರವನ್ನು ಕಟ್ಟುವುದಕ್ಕೆ ಮೊದಲು ಅವಳು ಗೂಢಚಾರರನ್ನು ಅಡಗಿಸಿದ್ದಳು, ಹಗ್ಗದಿಂದ ಗೋಡೆಯಾಚೆ ಇಳಿಸಿದ್ದಳು, ತನ್ನ ಮನೆಮಂದಿಯ ಪ್ರಾಣಕ್ಕಾಗಿ ಪ್ರಮಾಣ ಮಾಡಿಸಿಕೊಂಡಿದ್ದಳು.

ಇನ್ನು ಎರಡನೆಯ ಅಂಗಡಿಗೆ ಬರೋಣ. ಇಲ್ಲಿ ಗದ್ದಲವಿಲ್ಲ, ಧ್ವನಿವರ್ಧಕಗಳಿಲ್ಲ. ಎಲ್ಲವೂ ಸಭ್ಯ, ಗಂಭೀರ. ಹನನ್ಯರನ್ನು ಟೀಕಿಸುವುದು ನಮ್ಮಂಥ ಹಳೆಯ ಸಭೆಗಳವರಿಗೆ ಸುಲಭ, ಅವರು ಹೊರಗಿನವರೆಂದು ನಾವು ಭಾವಿಸಿದ್ದೇವೆ. ಆದರೆ ವಿಳಂಬದ ಅಂಗಡಿ ನಮ್ಮ ಆವರಣದೊಳಗೇ ಇದೆ.

ತಾಳ್ಮೆಯ ಕುರಿತು ಬೋಧಿಸುವವರಿಗೆ ಅತಿ ಪ್ರಿಯವಾದ ಭಾಗ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ, ಏಳನೆಯ ವಚನದಿಂದ. ಮುಂಗಾರು ಹಿಂಗಾರು ಮಳೆಗಳು ಬರುವ ತನಕ ಭೂಮಿಯ ಬೆಲೆಯುಳ್ಳ ಫಲಕ್ಕಾಗಿ ಕಾದಿರುವ ರೈತನ ಚಿತ್ರ ಅಲ್ಲಿದೆ. ನಮ್ಮ ನಾಡಿನ ಒಣಭೂಮಿಯ ರೈತನಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನೇಕ ಸಭೆಗಳ ಪಾಠಪಟ್ಟಿಯಲ್ಲಿ ಮೂರು ವರ್ಷಕ್ಕೊಮ್ಮೆ ಆಗಮನ ಕಾಲದ ಮೂರನೆಯ ಭಾನುವಾರ ಇದನ್ನೇ ಓದುತ್ತಾರೆ. ಓದು ಏಳನೆಯ ವಚನದಿಂದ ಆರಂಭವಾಗಿ ಹತ್ತಕ್ಕೆ ಮುಗಿಯುತ್ತದೆ. ಆದರೆ ಆ ಏಳನೆಯ ವಚನ ಹಿಂದಿನ ಮಾತಿಗೆ ಉತ್ತರವಾಗಿ ಬಂದದ್ದು. ಮೂಲ ಗ್ರೀಕಿನಲ್ಲಿ ‘ಆದಕಾರಣ’ ಎಂಬ ಕೊಂಡಿಯೇ ಅಲ್ಲಿದೆ. ಯಾವ ಕಾರಣ? ಮೇಲಿನ ಆರು ವಚನಗಳು ಐಶ್ವರ್ಯವಂತರ ಮೇಲೆ ಸಿಡಿದ ಸಿಡಿಲು. ಹೊಲ ಕೊಯ್ದ ಆಳುಗಳ ಕೂಲಿಯನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟಿದೆ ಎಂದು ಯಾಕೋಬನು ಗುಡುಗುತ್ತಾನೆ. ಕೂಲಿ ನುಂಗಿದವನ ಮುಖಕ್ಕೆ ಇಷ್ಟನ್ನು ಹೇಳಿಯಾದ ಮೇಲೆಯೇ ಅವನು ಕೂಲಿ ಕಳೆದುಕೊಂಡವನ ಕಡೆಗೆ ತಿರುಗಿ, ಸಹೋದರನೇ, ದೀರ್ಘಶಾಂತಿಯಿಂದಿರು, ಕರ್ತನ ಬರೋಣ ಹತ್ತಿರವಾಯಿತು ಎನ್ನುತ್ತಾನೆ.

ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ. ಮೊದಲ ಆರು ವಚನಗಳನ್ನು ಬಿಟ್ಟು ಏಳನೆಯದನ್ನು ಓದಿದಾಗ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ನಮ್ಮ ಅನುದಾನರಹಿತ ಶಾಲೆಗಳ ಶಿಕ್ಷಕಿಯರನ್ನು ಕೇಳಿರಿ, ಹಳ್ಳಿಯ ಸಭೆಗಳಲ್ಲಿ ಅರೆವೇತನಕ್ಕೆ ದುಡಿಯುವ ಸುವಾರ್ತಿಕರನ್ನು ಕೇಳಿರಿ. ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಆದರೆ ವೇತನ ತಡವಾದಾಗ “ಇದು ಸೇವೆ, ದೇವರು ನೋಡಿಕೊಳ್ಳುವನು, ತಾಳ್ಮೆಯಿರಲಿ” ಎಂಬ ಉತ್ತರ ಬಂದ ಒಂದೇ ಒಂದು ಸಂಸ್ಥೆ ಇದ್ದರೂ ಅಲ್ಲಿ ದೇವರ ನಾಮವನ್ನು ಅಯೋಗ್ಯವಾಗಿ ಎತ್ತಿದಂತಾಯಿತು. ಸಮಿತಿಯ ಕಡತದಲ್ಲಿ ಸಿಕ್ಕಿಬಿದ್ದಿರುವ ತೀರ್ಮಾನಕ್ಕೆ ದೇವರ ಸಮಯವೆಂದು ಹೆಸರಿಡುವುದು ಸುಳ್ಳುಸಾಕ್ಷಿಯೂ ಹೌದು. ಕಡತ ಯಾರ ಮೇಜಿನ ಮೇಲಿದೆಯೆಂದು ಆ ಶಿಕ್ಷಕಿಗೆ ಚೆನ್ನಾಗಿ ಗೊತ್ತಿರುತ್ತದೆ.

ಸಭೆ ಹೀಗೆ ಮಾತಾಡುವುದು ಹೊಸದಲ್ಲ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಅಲಬಾಮಾ ಪ್ರಾಂತದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪು ಜನರು ವರ್ಣಭೇದದ ವಿರುದ್ಧ ಶಾಂತಿಯುತ ಸತ್ಯಾಗ್ರಹ ನಡೆಸುತ್ತಿದ್ದರು. ಅವರನ್ನು ತಾಳ್ಮೆಗೆಡಬೇಡಿ, ಇದು ಅಕಾಲಿಕ ಎಂದು ಪತ್ರಿಕಾ ಹೇಳಿಕೆಯಲ್ಲಿ ಕೇಳಿಕೊಂಡವರು ಪೊಲೀಸರಲ್ಲ. ಎಂಟು ಮಂದಿ ಬಿಳಿಯ ಧರ್ಮಗುರುಗಳು. ಏಳು ಜನ ಕ್ರೈಸ್ತರು, ಒಬ್ಬರು ಯೆಹೂದ್ಯರ ರಬ್ಬಿ. ಅವರು ದುಷ್ಟರೇನಲ್ಲ, ಹಿಂಸೆಯನ್ನು ಬಯಸಿದವರೂ ಅಲ್ಲ. ಶುಭ ಶುಕ್ರವಾರದಂದು ಬಂಧಿತರಾದ ಮಾರ್ಟಿನ್ ಲೂಥರ್ ಕಿಂಗ್ ಸೆರೆಮನೆಯಲ್ಲಿ ಆ ಹೇಳಿಕೆಯನ್ನು ಓದಿ, ದಿನಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿಯೇ ಉತ್ತರ ಬರೆಯತೊಡಗಿದರು. ಏಪ್ರಿಲ್ 16ರ ದಿನಾಂಕವುಳ್ಳ ಆ ಪತ್ರವನ್ನು ಇಂದಿಗೂ ಓದುತ್ತಾರೆ. ಕಾಲವು ತಾನಾಗಿ ಗಾಯ ಮಾಯಿಸುವುದಿಲ್ಲ, ಕಾಯಿರಿ ಎಂಬ ಮಾತು ಹೆಚ್ಚುಕಡಮೆ ಎಂದೆಂದಿಗೂ ಬೇಡ ಎಂಬ ಮಾತೇ ಆಗಿತ್ತು ಎಂಬುದು ಅವರ ವಾದದ ತಿರುಳು. ಕಿಂಗ್ ಕೂಡ ಪ್ರಾರ್ಥಿಸುತ್ತ ಕಾದವರೇ. ಆದರೆ ಅವರು ಕಾದದ್ದು ದೇವರಿಗಾಗಿ. ಬರ್ಮಿಂಗ್‌ಹ್ಯಾಮಿನ ವ್ಯಾಪಾರಿಗಳ ಮನಸ್ಸು ತಾನಾಗಿ ಕರಗಲಿ ಎಂದಲ್ಲ.

ಕರ್ತನು ಹೇಳಿದ ವಿಧವೆಯ ಸಾಮ್ಯವೂ (ಲೂಕ 18) ಇದನ್ನೇ ಸಾರುತ್ತದೆ. ಬೇಸರಗೊಳ್ಳದೆ ಪ್ರಾರ್ಥಿಸಬೇಕು ಎಂಬುದಕ್ಕೆ ಯೇಸು ಆರಿಸಿಕೊಂಡ ಮಾದರಿ ಯಾರು? ಮನೆಯಲ್ಲಿ ಕುಳಿತು ನಿಟ್ಟುಸಿರುಬಿಡುವ ಹೆಂಗಸಲ್ಲ. ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಬಂದು ಅವನ ತಲೆ ಕೆಡಿಸಿದವಳು. ಹೀಗಿರುವಲ್ಲಿ ಹೊಡೆತ ತಿಂದು ಬಂದ ಸಹೋದರಿಗೆ “ಸಹಿಸಿಕೋಮ್ಮಾ, ದೇವರು ಅವನನ್ನು ಬದಲಾಯಿಸುವನು” ಎಂದು ಹೇಳಿ ಅದೇ ಮನೆಗೆ ಹಿಂದಕ್ಕೆ ಕಳುಹಿಸುವ ಅಧಿಕಾರವನ್ನು ಸಭೆಗೆ ಕೊಟ್ಟವರಾರು? ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 2005ರಲ್ಲಿ. 2006ರಿಂದ ಅದು ಜಾರಿಯಲ್ಲಿದೆ. ಅದರಡಿಯಲ್ಲಿ ರಕ್ಷಣಾಧಿಕಾರಿಗಳಿದ್ದಾರೆ, ರಕ್ಷಣೆಯ ಆದೇಶ ನೀಡುವ ನ್ಯಾಯಾಲಯವಿದೆ. ಆಕೆಯನ್ನು ಅಲ್ಲಿಗೆ ಕರೆದೊಯ್ಯುವುದು ದೇವರ ಮೇಲಿನ ಅವಿಶ್ವಾಸವೆಂದು ಹೇಳುವವರು ಆ ವಿಧವೆಗೆ ಏನು ಹೇಳುವರು?

“ಹಾಗಾದರೆ ದೇವರು ತಡಮಾಡುವುದೇ ಇಲ್ಲವೇ? ಅವಸರಪಡುವುದೂ ಪಾಪವಲ್ಲವೇ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಬ್ರಹಾಮನು ಕರೆ ಹೊಂದಿ ಹೊರಟಾಗ 75 ವರ್ಷದವನು, ಇಸಾಕನು ಹುಟ್ಟಿದಾಗ 100 ವರ್ಷದವನು. ನಡುವೆ 25 ವರ್ಷ ಕಾಯಲಾರದೆ ಅವನೂ ಸಾರಳೂ ದಾಸಿ ಹಾಗರಳ ಮೂಲಕ ಉಪಾಯ ಹುಡುಕಿದರು. ಯಜಮಾನರ ಅವಸರಕ್ಕೆ ಮರಳುಗಾಡಿನಲ್ಲಿ ನೀರಿಲ್ಲದೆ ಅಲೆದವಳು ಆ ದಾಸಿ. ದೇವರ ವಿಳಂಬವೂ ನಿಜ, ಮನುಷ್ಯನ ಅವಸರದ ಕೇಡೂ ನಿಜ. ಆದರೆ ಪ್ರತಿ ವಿಳಂಬವನ್ನೂ ದೇವರ ತಲೆಗೆ ಕಟ್ಟುವ ಮುನ್ನ ಇದರಲ್ಲಿ ಮನುಷ್ಯರ ಕೈಯಿದೆಯೇ, ಅದು ನಮ್ಮದೇ ಕೈಯೇ ಎಂದು ವಿಚಾರಿಸುವುದು ಸಭೆಯ ಮೊದಲ ಕರ್ತವ್ಯ. ಇದ್ದರೆ ಆ ಕೈಯನ್ನು ಹಿಡಿದು ನಿಲ್ಲಿಸಬೇಕು.

ಮನುಷ್ಯರ ಕೈಯಿಲ್ಲದ ವಿಳಂಬಗಳೂ ಬೇಕಾದಷ್ಟಿವೆ. ವೈದ್ಯರು ಕೈಚೆಲ್ಲಿದ ರೋಗ, ಕಾರಣ ತಿಳಿಯದ ಬಂಜೆತನ, ಎಲ್ಲಿ ಹೋದನೆಂದು ಗೊತ್ತಾಗದ ಮಗ. ಇಂಥವರಿಗೆ ಏನು ಹೇಳುವುದು? ಇಲ್ಲಿ ಸತ್ಯವೇದ ನಮಗಿಂತ ಪ್ರಾಮಾಣಿಕವಾಗಿದೆ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿಯೇ ದಾವೀದನು ‘ಎಷ್ಟರವರೆಗೆ’ ಎಂದು ನಾಲ್ಕು ಸಾರಿ ಕೇಳುತ್ತಾನೆ. ಪ್ರಕಟನೆ ಗ್ರಂಥದಲ್ಲಿ ಯಜ್ಞವೇದಿಯ ಕೆಳಗಿರುವ ಹತಸಾಕ್ಷಿಗಳೂ ಅದೇ ಪ್ರಶ್ನೆಯನ್ನು ಕೂಗುತ್ತಾರೆ. ಪರಲೋಕದಲ್ಲಿಯೂ ಆ ಪ್ರಶ್ನೆಗೆ ನಿಷೇಧವಿಲ್ಲ. 88ನೆಯ ಕೀರ್ತನೆಯಂತೂ ಸ್ತೋತ್ರದ ಒಂದು ಸಾಲಿಗೂ ತಿರುಗದೆ ಕತ್ತಲೆ ಎಂಬ ಮಾತಿನಲ್ಲಿಯೇ ನಿಂತುಬಿಡುತ್ತದೆ. ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಆದರೆ ನಮ್ಮ ಭಾನುವಾರದ ಆರಾಧನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ್ದನ್ನು ನೀವು ಕಡೆಯ ಸಾರಿ ಕೇಳಿದ್ದು ಯಾವಾಗ?

ಸಾಕ್ಷಿಯ ಸಮಯದಲ್ಲಿ ಉತ್ತರ ಹೊಂದಿದವರನ್ನು ಮಾತ್ರ ಮುಂದಕ್ಕೆ ಕರೆಯುತ್ತೇವೆ. ಕೆಲಸ ಸಿಕ್ಕವನು ಬರುತ್ತಾನೆ, ಗುಣ ಹೊಂದಿದವಳು ಬರುತ್ತಾಳೆ, ವೀಸಾ ದೊರೆತವರು ಬರುತ್ತಾರೆ. ನಾಲ್ಕು ವರ್ಷದಿಂದ ಕಾಯುತ್ತಿರುವ ಯುವಕ ಹಿಂದಿನ ಸಾಲಿನಲ್ಲಿ ಕುಳಿತು ಕೈತಟ್ಟುತ್ತಾನೆ. ಐದನೆಯ ವರ್ಷ ಅವನು ಬರುವುದನ್ನೇ ನಿಲ್ಲಿಸುತ್ತಾನೆ. ಸಭಾಪಾಲಕರಿಗೂ ಸಭಾಹಿರಿಯರಿಗೂ ನನ್ನದೊಂದು ವಿನಂತಿ. ಬರುವ ತಿಂಗಳ ಒಂದು ಭಾನುವಾರ ಇನ್ನೂ ಉತ್ತರ ಸಿಗದವರನ್ನು ಮುಂದಕ್ಕೆ ಕರೆಯಿರಿ. ಅವರಿಗೆ ವಾಗ್ದಾನದ ಚೀಟಿ ಕೊಡಬೇಡಿರಿ, ಬುದ್ಧಿವಾದವೂ ಬೇಡ. 88ನೆಯ ಕೀರ್ತನೆಯನ್ನು ಅವರೊಡನೆ ನಿಂತು ಓದಿರಿ. ಆರಾಧನೆ ಮುಗಿದ ಮೇಲೆ ಅವರಲ್ಲಿ ಯಾರಿಗೆ ಬಾಕಿ ಸಂಬಳ ಬರಬೇಕಿದೆ, ಯಾರಿಗೆ ವಕೀಲರು ಬೇಕು, ಯಾರಿಗೆ ಔಷಧಿಯ ಖರ್ಚಿಗೆ ನೆರವು ಬೇಕು ಎಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಮುಂದಿನ ಸಮಿತಿಯ ಸಭೆಯಲ್ಲಿ ಲೆಕ್ಕಪತ್ರಕ್ಕಿಂತ ಮೊದಲು ಆ ಪುಸ್ತಕವನ್ನು ತೆರೆಯಿರಿ.